ಹುಳು ಮನೆಯಲ್ಲಿ ಬುಸುಗುಟ್ಟಿದ ಬಾಟಲಿಗಳು

ವೈನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ ಎಂದರೆ ಜನ ಮೊದಲು ನನ್ನ ಕಣ್ಣು ಕೆಂಪಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ, "ದಿನಾ ಕುಡೀತಿದ್ರಾ ಅಜ್ಜಿ?" ಇಲ್ಲಪ್ಪ, ದಿನಾ ತೊಳೆಯುತ್ತಿದ್ದೆ. ಬಾಟಲಿ ತೊಳೆಯುವುದು, ಡ್ರಮ್ಮು ತೊಳೆಯುವುದು, ಪೈಪು ತೊಳೆಯುವುದು, ಕೊನೆಗೆ ಬಣ್ಣ ಹೋಗದ ಕೈ ತೊಳೆಯುವುದು. ವೈನ್ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವ ಕೆಲಸ. ನಮ್ಮ ಬೀದಿಯ ಇಬ್ಬರು ಹುಡುಗಿಯರು ಮೊನ್ನೆ ಬಾಟಲಿ ಸೆಕ್ಷನ್ನಿಗೆ ಸೇರಿದ್ದಾರೆ. ಅವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಗ ತಾನೇ ಕಲಿತಿರುವುದರಿಂದ ನಾನೇ ಹೇಳುತ್ತಿದ್ದೇನೆ. ಒಂದೇ ಬೆರಳಿನಲ್ಲಿ ಒತ್ತುವವಳು ಸುಳ್ಳು ಸೇರಿಸುವಷ್ಟು ಉದ್ದ ಬರೆಯುವುದಿಲ್ಲ, ನಂಬಬಹುದು.

ನಮ್ಮದು ದೊಡ್ಡಬಳ್ಳಾಪುರದ ಆಚೆ ದ್ರಾಕ್ಷಿ ತೋಟಗಳ ನಡುವೆ ಇದ್ದ ಸಣ್ಣ ಘಟಕ. ಸುತ್ತಲಿನ ಹಳ್ಳಿಗಳ ಕಪ್ಪು ದ್ರಾಕ್ಷಿ ನಮ್ಮಲ್ಲಿಗೆ ಬರುತ್ತಿತ್ತು. ತೊಳೆಯುವ ಕೆಲಸಕ್ಕೆಂದು ಸೇರಿದ ನನ್ನನ್ನು ಬಾಟಲಿ ನೋಡುವ ಕೆಲಸಕ್ಕೆ ಹಾಕಿದವರು ಕೆಮಿಸ್ಟ್ ಕಮಲಾ ಮೇಡಂ. ಬಾಟಲಿ ನೋಡುವುದು ಎಂದರೆ ತುಂಬಿ ಮುಚ್ಚಿಟ್ಟ ಸಾಲುಗಳ ನಡುವೆ ದಿನವೂ ಓಡಾಡಿ, ಯಾವುದರ ಬಿರಡೆ ಎದ್ದಿದೆ, ಯಾವುದು ಒಸರುತ್ತಿದೆ, ಯಾವುದು ಸದ್ದು ಮಾಡುತ್ತಿದೆ ಎಂದು ಗಮನಿಸುವುದು. ಒಳ್ಳೆಯ ಬಾಟಲಿ ಸದ್ದು ಮಾಡುವುದಿಲ್ಲ. ಸದ್ದು ಮಾಡಿದರೆ ಒಳಗೆ ಹುದುಗು ಇನ್ನೂ ಬದುಕಿದೆ, ತಿನ್ನಲು ಅದಕ್ಕೆ ಸಕ್ಕರೆ ಸಿಕ್ಕಿದೆ ಎಂದು ಅರ್ಥ. ಹುದುಗು ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಡ್ರಮ್ಮಿನಲ್ಲಿ ಬಿಟ್ಟರೆ ಗಾಳಿ ಹೊರಗೆ ಹೋಗುತ್ತದೆ. ಬಾಟಲಿಯಲ್ಲಿ ಬಿಟ್ಟರೆ ಹೋಗಲು ದಾರಿಯಿಲ್ಲ, ಬಿರಡೆಯನ್ನೋ ಗಾಜನ್ನೋ ತಳ್ಳುತ್ತದೆ. ನಮ್ಮ ಕಸುಬಿನ ಕಷ್ಟವೆಲ್ಲ ಇಷ್ಟೇ.

ಆದರೆ ಎದ್ದ ಬಿರಡೆಗಳೆಲ್ಲ ಗಾಳಿಯಿಂದಲೇ ಎದ್ದಿರುವುದಿಲ್ಲ. ಇದನ್ನು ಕಲಿಸಿದ್ದು ನಮ್ಮ ಸೂಪರ್‌ವೈಸರ್ ನಂಜುಂಡಪ್ಪ. ಕಲಿಸಬೇಕೆಂದು ಕಲಿಸಿದ್ದಲ್ಲ. ಬಾಟಲಿ ತುಂಬಿದಂತೆ ಕಂಡರೆ ಗಿರಾಕಿಗೆ ತೃಪ್ತಿ ಎಂದು ಅವರು ಕುತ್ತಿಗೆಯವರೆಗೂ ತುಂಬಿಸಿದರು. ಆ ಲಾರಿ ಬಾಶೆಟ್ಟಿಹಳ್ಳಿಯಲ್ಲಿ ಕೆಟ್ಟು ಬಿಸಿಲಿನಲ್ಲಿ ನಿಂತಿತು. ಸಂಜೆ ವಾಪಸ್ಸು ಬಂದಾಗ ಬಿರಡೆಗಳೆಲ್ಲ ಇಣುಕಿ ನೋಡುತ್ತಿದ್ದವು.

"ಗ್ಯಾಸು ಕಣ್ರೇ ಗ್ಯಾಸು," ಎಂದರು ನಂಜುಂಡಪ್ಪ. "ಎಲ್ಲಾ ತೆಗ್ದು ಡ್ರಮ್ಮಿಗೆ ಸುರೀರಿ."

ಮೇಡಂ ಬಂದು ಒಂದು ಬಾಟಲಿ ತೆಗೆದು, ಅರ್ಧ ಬಗ್ಗಿಸಿ, ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕಿದರು. ನನ್ನ ಕೈಗೂ ಕೊಟ್ಟರು. "ಬೆರಳು ತಳ್ತಾ ಇದೆಯಾ ಪುಟ್ಟಮ್ಮ?"

"ಇಲ್ಲ ಮೇಡಂ."

"ಹಾಗಾದ್ರೆ ಗ್ಯಾಸಿಲ್ಲ. ಬಿಸಿಲಿಗೆ ಉಬ್ಬಿದೆ. ಉಬ್ಬೋಕೆ ಜಾಗ ಬಿಟ್ಟಿಲ್ಲ."

ಎರಡು ಬೆರಳಿನಷ್ಟು ಜಾಗ ಬಿಟ್ಟು ಮತ್ತೆ ಮುಚ್ಚಿದೆವು. ಡ್ರಮ್ಮಿಗೆ ಸುರಿದಿದ್ದರೆ ಹೊರಗಿನ ಗಾಳಿ ತಾಗಿ ಅಷ್ಟೂ ಹಾಳಾಗುತ್ತಿತ್ತು. ಹುಡುಗಿಯರೇ, ಬಿರಡೆ ಎದ್ದರೆ ಮೊದಲು ಹೆಬ್ಬೆರಳಿನ ಪರೀಕ್ಷೆ ಮಾಡಿ, ಆಮೇಲೆ ಗಾಬರಿಯಾಗಿ.

ನಂಜುಂಡಪ್ಪನವರ ಇನ್ನೊಂದು ಪಾಠ ಆಯುಧಪೂಜೆಯದ್ದು. ಮೆಷಿನ್ನುಗಳಿಗೆಲ್ಲ ಕುಂಕುಮ ಹಚ್ಚಿ, ಕುಂಬಳಕಾಯಿ ತಂದು, ಪೂಜೆಯ ಮಣೆಯ ಮೇಲೆ ಆ ವರ್ಷದ ಸಿಹಿ ವೈನಿನ ಒಂದು ಬಾಟಲಿ ಇಟ್ಟರು. ಅದರ ಎರಡು ಪಕ್ಕದಲ್ಲೂ ದೀಪ ಹಚ್ಚಿದರು. ಮಂಗಳಾರತಿ ಎತ್ತುವ ಹೊತ್ತಿಗೆ ಬಿರಡೆ ಚಿಮ್ಮಿ ಹೋಗಿ ಚಾವಣಿಯ ಶೀಟಿಗೆ ಬಡಿಯಿತು. ಒಳಗಿದ್ದದ್ದು ನಂಜುಂಡಪ್ಪನವರ ಹೊಸ ಬಿಳಿ ಅಂಗಿಯ ಮೇಲೆ ಬಿತ್ತು. ಅರ್ಚಕರು ಕಣ್ಣು ಬಿಡದೆ ಮಂತ್ರ ಮುಗಿಸಿದರು. ಮೇಡಂ ನನ್ನ ಕಿವಿಯಲ್ಲಿ, "ಸಿಹಿ ಉಳಿದಿತ್ತು, ಶಾಖ ಸಿಕ್ತು," ಎಂದರು. ನನಗೆ ನಗು ತಡೆಯಲು ಆಗದೆ ಬಾಟಲಿ ತೊಳೆಯುವ ಕಡೆಗೆ ಹೋಗಿಬಿಟ್ಟೆ. ಸಿಹಿಯೂ ಶಾಖವೂ ಒಂದೇ ಕಡೆ ಸೇರಬಾರದು ಎಂಬುದು ಅಂದಿನಿಂದ ಮರೆತಿಲ್ಲ.

ನಾನಿದ್ದ ಕಾಲದಲ್ಲೇ ಪದ್ಧತಿಗಳು ಬದಲಾದವು. ಮೊದಲು ಮರದ ಕೊಡತಿಯಲ್ಲಿ ಬಿರಡೆ ಹೊಡೆಯುತ್ತಿದ್ದೆವು, ಆಮೇಲೆ ಹಿಡಿ ಎಳೆಯುವ ಮೆಷಿನ್ ಬಂತು, ಆಮೇಲೆ ತಿರುಗಿಸುವ ಮುಚ್ಚಳ. ಮೊದಲು ನಾಲಿಗೆಯಲ್ಲಿ ಸಿಹಿ ನೋಡುತ್ತಿದ್ದೆವು, ಆಮೇಲೆ ತೇಲುವ ಗಾಜಿನ ಕಡ್ಡಿ ಬಂತು. ನಾಲಿಗೆಗಿಂತ ಕಡ್ಡಿ ಮೇಲು. ನಾಲಿಗೆ ಬೆಳಿಗ್ಗೆ ತಿಂದ ಉಪ್ಪಿನಕಾಯಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದರೂ ನಾಲಿಗೆ ಕೆಡಿಸಿಕೊಳ್ಳಬಾರದೆಂದು ಮೇಡಂ ನಮಗೆ ಎಲೆ ಅಡಿಕೆ ಬಿಡಿಸಿದ್ದರು. ನಿವೃತ್ತಿಯಾದ ಮರುದಿನವೇ ನಾನು ಎಲೆ ಅಡಿಕೆ ಶುರು ಮಾಡಿದೆ. ಜೊತೆಗೆ ಚೂರು ಹೊಗೆಸೊಪ್ಪೂ ಸೇರಿತು. ಒಳ್ಳೆಯದಲ್ಲ ಎಂದು ಗೊತ್ತು. ಯಾರೂ ನನ್ನನ್ನು ನೋಡಿ ಕಲಿಯಬೇಕಿಲ್ಲ.

ನಿವೃತ್ತಿಯಾದ ಮೇಲೆ ಕೆಲಸ ಮನೆಗೇ ಬರಲು ಶುರುವಾಯಿತು. ತೋಟದವರು ಮಾರಿ ಉಳಿದ ದ್ರಾಕ್ಷಿಯಲ್ಲಿ ಮನೆಮಟ್ಟಿಗೆ ಒಂದಿಷ್ಟು ವೈನ್ ಮಾಡುತ್ತಾರೆ. ಮಾಡುವುದು ಸುಲಭ, ಬಾಟಲಿಗೆ ಹಾಕಿದ ಮೇಲೆ ನನ್ನ ನೆನಪಾಗುತ್ತದೆ. ನಮ್ಮ ಪಕ್ಕದ ಬೀದಿಯ ಆರೋಗ್ಯಮ್ಮ ಪ್ರತಿ ಕ್ರಿಸ್‌ಮಸ್ಸಿಗೆ ಮಾಡುವವಳು. ಒಂದು ವರ್ಷ ಹುಳಿಯಾಯಿತೆಂದು ಬಾಟಲಿಗಳಿಗೇ ಸಕ್ಕರೆ ಹಾಕಿ, ಮುಚ್ಚಳ ಏಳುತ್ತಿದೆ ಎಂದು ಮೇಲೆ ತಂತಿ ಬೇರೆ ಬಿಗಿದಿದ್ದಳು. "ಇನ್ನೂ ಬಿಗಿಯಾಗಿ ಕಟ್ಲಾ ಅಕ್ಕ?" ಎಂದು ನನ್ನನ್ನೇ ಕೇಳಿದಳು. ಅಷ್ಟನ್ನೂ ತಣ್ಣಗೆ ಮಾಡಿ, ತೆಗೆದು, ಮತ್ತೆ ಕ್ಯಾನಿಗೆ ಸುರಿಸಿದೆ. ಮೆಡಿಕಲ್ ಸ್ಟೋರಿನಿಂದ ಗ್ಲೂಕೋಸ್ ಹಾಕುವ ಪೈಪು ತರಿಸಿ, ಒಂದು ತುದಿಯನ್ನು ಕ್ಯಾನಿನ ಮುಚ್ಚಳಕ್ಕೆ ತೂರಿಸಿ ಮೇಣ ಹಚ್ಚಿ, ಇನ್ನೊಂದು ತುದಿಯನ್ನು ಲೋಟದ ನೀರಿನಲ್ಲಿ ಮುಳುಗಿಸಿದೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಗುಳ್ಳೆ ಪೂರ್ತಿ ನಿಂತ ಮೇಲೆ ಬಾಟಲಿ.

ಇಲ್ಲಿ ಒಂದು ಮಾತಿದೆ, ಅದಕ್ಕಾಗಿಯೇ ಮುಂದಿನ ಕಥೆ. ಗುಳ್ಳೆ ನಿಂತಿತು ಎಂದರೆ ಮುಗಿಯಿತು ಎಂದೇ ಅಲ್ಲ. ಚಳಿಗಾಲದಲ್ಲಿ ಹುದುಗು ಮುದುರಿ ಮಲಗುತ್ತದೆ. ಸತ್ತದ್ದಕ್ಕೂ ಮಲಗಿದ್ದಕ್ಕೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ.

ಹೋದ ಚಳಿಗಾಲ ಒಂದು ಬೆಳಿಗ್ಗೆ ಫೋನು ಬಂತು.

"ಪುಟ್ಟಮ್ಮಜ್ಜೀ, ನಾನು ಗೋಪಾಲ, ಬೂದಿಗೆರೆ ಕಡೆಯೋನು. ನಿಮ್ಮ ಫ್ಯಾಕ್ಟ್ರಿಗೆ ದ್ರಾಕ್ಷಿ ಹಾಕ್ತಿದ್ವಲ್ಲ."

"ಹೇಳಪ್ಪ."

"ಬಾಟ್ಲು ಒಡ್ದೋಯ್ತು ಅಜ್ಜಿ."

"ಒಡ್ದೋದ್ರೆ ಗುಡ್ಸು."

"ಮಿಕ್ಕಿರೋವು ಬುಸುಗುಡ್ತಾವೆ."

"ಎಲ್ಲಿ ಇಟ್ಟಿದೀಯ?"

ಅವನ ದನಿ ಇಳಿಯಿತು. "ಹುಳು ಮನೇಲಿ."

ಹುಳು ಮನೆ ಎಂದರೆ ರೇಷ್ಮೆ ಹುಳು ಸಾಕುವ ಮನೆ. ಗೋಪಾಲ ದ್ರಾಕ್ಷಿಯ ಜೊತೆಗೆ ಒಂದು ಪಾಲು ಹಿಪ್ಪುನೇರಳೆಯನ್ನೂ ಹಾಕಿದ್ದ. ಅವನ ಹೆಂಡತಿ ಶೋಭಾ ಹುಳು ಸಾಕುತ್ತಿದ್ದಳು. ಅವನ ತಾಯಿ ಮುನಿಯಮ್ಮ ಮನೆಯಲ್ಲಿ ಮದ್ಯ ಎಂಬ ಮಾತನ್ನೇ ಸಹಿಸದವಳು. ಆದರೆ ಆಕೆ ಹೊಗೆಸೊಪ್ಪು ಜಗಿಯುತ್ತಿದ್ದಳು. ಹೊಗೆಸೊಪ್ಪಿನ ಘಾಟು ತಾಗಿದರೆ ರೇಷ್ಮೆ ಹುಳು ಸಾಯುತ್ತದೆ. ಹಾಗಾಗಿ ಹೊಗೆಸೊಪ್ಪು ಮುಟ್ಟಿದವರು ಹುಳು ಮನೆಯ ಹೊಸ್ತಿಲು ದಾಟುವಂತಿಲ್ಲ. ಊರಿನಲ್ಲಿ ತಾಯಿ ಕಾಲಿಡದ ಜಾಗ ಅದೊಂದೇ ಎಂದು ಮಗ ತಾನು ಮಾಡಿದ ವೈನನ್ನು ಅಲ್ಲಿ ಬಚ್ಚಿಟ್ಟಿದ್ದ. ಕತ್ತಲೆ, ಚೊಕ್ಕಟ, ಇಲಿಯ ಕಾಟವಿಲ್ಲ. ಜಾಗವೇನೋ ಚೆನ್ನಾಗಿತ್ತು. ಆದರೆ ಚಳಿಗೆ ಹುಳು ಮಂಕಾಗಬಾರದೆಂದು ಶೋಭಾ ಅಲ್ಲಿ ಹಗಲೂ ರಾತ್ರಿ ಹೀಟರ್ ಹಾಕಿದ್ದಳು. ನವೆಂಬರಿನ ಚಳಿಗೆ ಮಲಗಿದ್ದ ಹುದುಗು ಬೆಚ್ಚಗಾಗಿ ಎದ್ದು ಕೂತಿತ್ತು.

ಗೋಪಾಲ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋದ. ಹುಳು ಮನೆಯ ಬಾಗಿಲಲ್ಲಿ ಶೋಭಾ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಅಜ್ಜಿ, ಬಾಯಲ್ಲೇನು?"

"ಎಲೆ ಅಡಿಕೆ ಕಣವ್ವ."

"ಹೊಗೆಸೊಪ್ಪು?"

"ಚೂರು."

"ಹಂಗಾದ್ರೆ ಅಲ್ಲೇ ನಿಂತ್ಕಳಿ."

ಬಾಯಿ ಮುಕ್ಕಳಿಸುತ್ತೇನೆ ಎಂದೆ. ಕೈಯಲ್ಲಿ, ಸೆರಗಿನಲ್ಲಿ, ಉಸಿರಿನಲ್ಲಿ ಇರುತ್ತದೆ, ಬೇಡ ಎಂದಳು. ಸರಿಯಾಗಿಯೇ ಹೇಳಿದಳು. ಇಷ್ಟು ವರ್ಷ ಬಾಟಲಿ ನೋಡಿದವಳು ಆ ದಿನ ಬಾಟಲಿಗಳನ್ನು ಕಣ್ಣಿನಿಂದಲೂ ನೋಡದೆ, ಕಿಟಕಿಯ ಸೊಳ್ಳೆಪರದೆಯ ಹೊರಗೆ ನಿಂತು ರಿಪೇರಿ ಶುರು ಮಾಡಬೇಕಾಯಿತು.

ಶೋಭಾ ಒಳಗಿನಿಂದ ಹೇಳಿದ್ದು ಇಷ್ಟು. ಹುಳು ತುಂಬಿದ ದೊಡ್ಡ ಬಿದಿರಿನ ತಟ್ಟೆಗಳು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಇವೆ. ಅವುಗಳ ಕೆಳಗೆ, ನೆಲದ ಮೇಲೆ, ಬಾಟಲಿಗಳ ಸಾಲು. ಬೆಳಿಗ್ಗೆ ಒಂದು ಸಿಡಿದು ಕೆಳಗಿನ ಒಂದು ತಟ್ಟೆ ಪೂರ್ತಿ ನೆಂದುಹೋಯಿತು, ಆ ಹುಳುವನ್ನೆಲ್ಲ ಗುಂಡಿಗೆ ಹಾಕಿದ್ದಾಯಿತು. ಮಿಕ್ಕವು ವಾಸನೆಗೆ ತಲೆ ಎತ್ತಿ ಸೊಪ್ಪು ಮುಟ್ಟುತ್ತಿಲ್ಲ.

"ನಾಕನೇ ಜ್ವರ ಎದ್ದವೆ ಅಜ್ಜಿ. ಈಗ ಹೊಟ್ಟೆ ತುಂಬ ತಿಂದ್ರೇನೆ ಗೂಡು ಕಟ್ಟೋದು. ಹೋದ ಬೆಳೆ ರೋಗ ಬಂದು ಹೋಯ್ತು. ಇದೂ ಹೋದ್ರೆ ಹುಳು ಮನೆ ಕಿತ್ತು ದನದ ಕೊಟ್ಟಿಗೆ ಮಾಡ್ತೀನಿ ಅಂತ ಅತ್ತೆ ಕೂತವ್ರೆ."

ಜ್ವರ ಎಂದರೆ ಹುಳು ಪೊರೆ ಬಿಡಲು ಮಲಗುವುದು. ನಾಲ್ಕು ಸಲ ಮಲಗಿ ಎದ್ದ ಮೇಲೆ ಅದಕ್ಕೆ ತಿನ್ನುವುದೊಂದೇ ಕೆಲಸ.

ಹೀಟರ್ ಆರಿಸು ಎಂದೆ. ಆರಿಸಿದರೆ ಹುಳು ಇನ್ನೂ ಮಂಕಾಗುತ್ತದೆ, ಆಗದು ಎಂದಳು. ಬಾಟಲಿಗೆ ಒದ್ದೆ ಗೋಣಿ ಹೊದಿಸು ಎಂದೆ. ತೇವ ಹೆಚ್ಚಾದರೆ ಹುಳಕ್ಕೆ ಸುಣ್ಣಕಟ್ಟು ರೋಗ ಹಿಡಿಯುತ್ತದೆ, ಅದೂ ಆಗದು ಎಂದಳು. ಬಾಟಲಿಗೆ ತಣ್ಣಗೆ ಬೇಕು, ಹುಳಕ್ಕೆ ಬೆಚ್ಚಗೆ ಬೇಕು, ಎರಡೂ ಇರುವುದು ಒಂದೇ ಕೋಣೆಯಲ್ಲಿ. ಎತ್ತಿ ಹೊರಗೆ ತರೋಣವೆಂದರೆ ಬೆಚ್ಚಗಿರುವ ಬಾಟಲಿ ಅಲುಗಿದರೆ ಕೈಯಲ್ಲೇ ಸಿಡಿಯಬಹುದು.

ಆಮೇಲೆ ಹೊಳೆಯಿತು. ತಣ್ಣನೆಯ ಗಾಳಿ ನೆಲ ಬಿಟ್ಟು ಮೇಲೇಳುವುದಿಲ್ಲ. ಬಾಟಲಿ ಇರುವುದು ನೆಲದ ಮೇಲೆ, ಹುಳು ಇರುವುದು ಮೇಲೆ.

"ಗೋಪಾಲ, ಐಸ್ ತಗಂಡ್ ಬಾ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಾಟ್ಲು ಸುತ್ತ ಇಡಾಣ. ಒಂದು ತೊಟ್ಟು ನೀರೂ ಹೊರಕ್ಕೆ ಬರ್ಬಾರ್ದು. ಮೇಲೆ ದಪ್ಪ ಕೌದಿ ಹೊದ್ಸು. ಥಂಡಿ ಒಳಗೇ ಇರ್ತದೆ, ಸಿಡಿದ್ರೂ ಗಾಜು ಕೌದಿಗೆ ಸಿಕ್ಕಾಕಂತದೆ."

"ಮೀನಿನಂಗಡೀಲಿ ಐಸ್ ಸಿಕ್ತದೆ," ಎಂದ ಗೋಪಾಲ.

"ಮೀನಿನ ವಾಸ್ನೆ ತಂದ್ರೆ ನಿಮ್ಮನ್ನೂ ಗುಂಡಿಗೆ ಹಾಕ್ತೀನಿ," ಎಂದಳು ಶೋಭಾ. ಅವನು ಜ್ಯೂಸಿನಂಗಡಿ ಹುಡುಕಿಕೊಂಡು ಹೋದ.

ಅವನು ಹೋದ ಮೇಲೆ ನೆನಪಾಯಿತು. ಐಸ್ ಇಡುವ ಮೊದಲು ಬಾಟಲಿಯ ಮೇಲಿರುವ ತಟ್ಟೆಗಳನ್ನು ಬೇರೆ ಸ್ಟ್ಯಾಂಡಿಗೆ ಸಾಗಿಸಬೇಕು. ಕೈ ಹಾಕಿದಾಗ ಸಿಡಿದರೆ ಹುಳು ಉಳಿಯುವುದಿಲ್ಲ. ಒಂದೊಂದು ತಟ್ಟೆಗೂ ಇಬ್ಬರು ಬೇಕು. ಒಳಗೆ ಶೋಭಾ ಒಬ್ಬಳೇ, ಗೋಪಾಲ ಬರುವವರೆಗೆ ಕಾಯುವಂತಿಲ್ಲ.

ಮುನಿಯಮ್ಮ ಅಷ್ಟು ಹೊತ್ತೂ ಜಗಲಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಹಿಂದೆ ದ್ರಾಕ್ಷಿಯ ಗಾಡಿಯ ಜೊತೆ ಘಟಕಕ್ಕೆ ಬರುತ್ತಿದ್ದವಳು, ಹಳೆಯ ಪರಿಚಯ. ನಾನು ಹೀಟರ್ ನೋಡಲು ಬಂದಿದ್ದೇನೆ ಎಂದು ಗೋಪಾಲ ಹೇಳಿದ್ದನಂತೆ.

"ನೀನು ಹೀಟರ್ ರಿಪೇರಿ ಯಾವಾಗ ಕಲ್ತೆ ಪುಟ್ಟಮ್ಮ?"

"ಕಲೀತಾ ಇವ್ನಿ."

"ಒಳಗಿಂದ ದ್ರಾಕ್ಷಿ ಕೊಳೆತ ವಾಸ್ನೆ ಬತ್ತೈತೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. "ನಿನ್ನ ಮಗ ಅಲ್ಲಿ ವೈನ್ ಬಚ್ಚಿಟ್ಟವ್ನೆ. ಅದು ಸಿಡೀತಾ ಐತೆ. ಬಯ್ಯೋದಿದ್ರೆ ಆಮ್ಯಾಕೆ ಕೂತ್ಕಂಡು ಸಾವಕಾಶವಾಗಿ ಬಯ್ಯಿ, ನಾನೂ ಸೇರ್ಕಂತೀನಿ. ಈಗ ತಟ್ಟೆ ಹಿಡಿಯಾಕೆ ಇನ್ನೊಬ್ರು ಬೇಕು."

ಮುನಿಯಮ್ಮ ಎದ್ದು ಅಂಗಳದ ಮೂಲೆಗೆ ಹೋಗಿ ಉಗಿದು ಬಂದಳು. "ಆ ಮನೆಗೆ ಇಟ್ಟಿಗೆ ಹೊತ್ತೋಳು ನಾನು. ಅವ್ಳಿಗಿಂತ ಮುಂಚೆ ಹುಳು ಸಾಕ್ದೋಳು ನಾನು. ಬಾಗ್ಲಾಗೆ ನಿಂತ್ರೂ ಆಚಿಕ್ಕೆ ಹೋಗಿ ಅಂತಾಳೆ. ದನ ಕಟ್ಟಿದ್ರೆ ನಾನೂ ಒಳಿಕ್ಕೆ ಹೋಗ್ಬೋದು, ಅದ್ಕೇ ಅಂದಿದ್ದು."

ಕಿಟಕಿಯ ಪರದೆಯ ಆಚೆ ಶೋಭಾ ಇದನ್ನು ಕೇಳಿಸಿಕೊಂಡಳು. ಆಗಲೇ ಒಳಗೆ ಇನ್ನೊಂದು ಬಾಟಲಿಯ ಮುಚ್ಚಳ ಸೀಟಿ ಊದತೊಡಗಿತು.

"ಅತ್ತೆ," ಎಂದಳು ಶೋಭಾ. "ತಲೆ ಮ್ಯಾಲೆ ನೀರು ಹುಯ್ಕಂಡು ಬನ್ನಿ. ಬಾಯಿ ಚೆನ್ನಾಗಿ ಉಜ್ಜಿ. ನನ್ನ ಒಗ್ದಿರೋ ಸೀರೆ ಹಗ್ಗದ ಮ್ಯಾಲೈತೆ, ಅದ್ನೇ ಉಟ್ಕಳಿ. ಮೂಗು ಬಾಯಿಗೆ ಟವಲ್ ಬಿಗೀರಿ."

ಮುನಿಯಮ್ಮ ತನ್ನ ಎಲೆ ಅಡಿಕೆಯ ಸಂಚಿಯನ್ನು ನನ್ನ ಮಡಿಲಿಗೆ ಹಾಕಿ ಬಚ್ಚಲಿಗೆ ಹೋದಳು. ಆ ಚಳಿಯಲ್ಲಿ ನೀರು ಕಾಯಿಸಲೂ ಇಲ್ಲ. ಸೀಗೆಪುಡಿ ಹಾಕಿ ಉಜ್ಜಿಕೊಂಡು, ಬಾಯಿಯನ್ನು ಇದ್ದಿಲಿನಲ್ಲಿ ಉಜ್ಜಿ, ಸೊಸೆಯ ಸೀರೆ ಉಟ್ಟು, ಮುಖಕ್ಕೆ ಟವಲ್ ಕಟ್ಟಿಕೊಂಡು ಬಂದಾಗ ನಾನೇ ಗುರುತು ಹಿಡಿಯಲಿಲ್ಲ. ಶೋಭಾ ಅವಳ ಎರಡೂ ಕೈಗಳನ್ನು ಮೂಸಿ ನೋಡಿ ಒಳಗೆ ಬಿಟ್ಟುಕೊಂಡಳು.

ಅಲ್ಲಿಂದ ಮುಂದೆ ನನಗೆ ಕೇಳಿದ್ದು ದನಿಗಳು ಮಾತ್ರ.

"ಅಲುಗಿಸ್ಬ್ಯಾಡ. ನಿನ್ ಕಡೆ ಇಳೀತು, ಎತ್ತು."

"ಎತ್ತಿವ್ನಿ ಅತ್ತೆ."

"ಸೊಪ್ಪು ಇಷ್ಟು ಒತ್ತಾಗಿ ಹಾಕ್ತಾರೇನೇ?"

"ಈಗ ಹಿಂಗೇ ಹಾಕೋದು."

"ಹೂಂ. ಆಗ ಹಂಗಿರ್ಲಿಲ್ಲ."

ತಟ್ಟೆಗಳು ದಾಟಿದ ಹೊತ್ತಿಗೆ ಐಸ್ ಬಂತು. ಒಳಗೆ ತಾಯಿಯನ್ನು ಕಂಡ ಗೋಪಾಲ ಹೊಸ್ತಿಲಲ್ಲೇ ನಿಂತುಬಿಟ್ಟ. "ಐಸ್ ಇತ್ಲಾಗೆ ಕೊಡೋ," ಎಂದಳು ಮುನಿಯಮ್ಮ, ಅಷ್ಟೇ. ನಾನು ಪರದೆಯ ಹೊರಗಿನಿಂದ ಹೇಳುತ್ತಾ ಹೋದೆ. ಮುಚ್ಚಳ ಮುಟ್ಟಬೇಡಿ. ಮುಖ ಬಗ್ಗಿಸಬೇಡಿ. ಕವರುಗಳನ್ನು ಕೋಲಿನಿಂದ ತಳ್ಳಿ. ಕೌದಿ ಎರಡು ಮಡಿಕೆ ಇರಲಿ. ಆಮೇಲೆ ಕಾಯುವುದು. ನಮ್ಮ ಕೆಲಸದಲ್ಲಿ ಹುಡುಗಿಯರಿಗೆ ಕಷ್ಟವಾಗುವುದು ಇದೇ. ಕೈ ಕಟ್ಟಿ ಕಾಯುವುದೂ ಕೆಲಸ ಎಂದು ಅವರಿಗೆ ಅನ್ನಿಸುವುದಿಲ್ಲ. ತಣ್ಣಗಾದಂತೆ ಗಾಳಿ ವೈನಿನೊಳಗೇ ಕರಗಿ ಅಡಗುತ್ತದೆ. ನಾನು ಕಿಟಕಿಗೆ ಕಿವಿ ಕೊಟ್ಟು ನಿಂತೆ. ಸೀಟಿ ಸಣ್ಣದಾಗುತ್ತಾ ಬಂದು ನಿಂತಿತು. ಆದರೂ ಬಿಡಲಿಲ್ಲ, ಮೊದಲು ಕಾದಷ್ಟೇ ಹೊತ್ತು ಮತ್ತೆ ಕಾಯಿಸಿದೆ.

"ಈಗ ಬಾಟ್ಲು ಹೆಗಲು ಮುಟ್ಟಿ ನೋಡು ಶೋಭಾ."

"ಐಸ್‌ಕ್ಯಾಂಡಿ ಹಂಗೈತೆ."

ಒಂದೊಂದನ್ನೇ ದಪ್ಪ ಗೋಣಿಯಲ್ಲಿ ಸುತ್ತಿ, ಕುಲುಕದೆ, ಹೊಸ್ತಿಲಿಗೆ ತಂದುಕೊಟ್ಟರು. ಗೋಪಾಲ ಅವನ್ನು ನೆರಳಿನಲ್ಲಿದ್ದ ಕಲ್ಲುಬಾನಿಯ ಐಸ್ ನೀರಿನಲ್ಲಿ ನಿಲ್ಲಿಸಿದ. ತೆಗೆಯುವ ಕೆಲಸ ನನ್ನದು. ಕಣ್ಣಿಗೆ ಏನಾದರೂ ಬೇಕಲ್ಲ, ಗೋಪಾಲನ ಹೆಲ್ಮೆಟ್ ಹಾಕಿಕೊಂಡು ಗಾಜು ಇಳಿಸಿದೆ. ಬಾಟಲಿಗೆ ಟವಲ್ ಸುತ್ತಿ, ಬಾಯಿಯನ್ನು ಗೋಡೆಯ ಕಡೆ ತಿರುಗಿಸಿ, ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸುವುದು, ಬುಸ್ ಎಂದ ತಕ್ಷಣ ಬಿಗಿಯುವುದು, ಮತ್ತೆ ಸಡಿಲಿಸುವುದು. ಆತುರಪಟ್ಟರೆ ಅರ್ಧ ವೈನ್ ನೊರೆಯಾಗಿ ಹೋಗುತ್ತದೆ.

ಪರದೆಯ ಹಿಂದಿನಿಂದ ಮುನಿಯಮ್ಮನ ದನಿ ಬಂತು. "ಪುಟ್ಟಮ್ಮ, ಹೆಲ್ಮೆಟ್ ಹಾಕಂಡಿದೀಯ, ಗಾಡಿ ಎಲ್ಲವ್ವ?"

ಎಲ್ಲವನ್ನೂ ಒಂದು ದೊಡ್ಡ ಕ್ಯಾನಿಗೆ ಸುರಿದು, ಪೈಪು ಹಾಕಿ, ತುದಿಯನ್ನು ನೀರಿಗೆ ಬಿಟ್ಟೆ. ಮಿಕ್ಕವುಗಳಲ್ಲಿ ಒಂದು ಬಾಟಲಿಯೂ ಒಡೆಯಲಿಲ್ಲ. ವೈನಿನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಯಾರಿಗೂ ಸಮಾಧಾನವಿರಲಿಲ್ಲ. ಒಳಗೆ ನೆಲ ಒರೆಸಿ, ಎತ್ತರದ ಗಾಳಿಕಿಂಡಿ ತೆಗೆದು ವಾಸನೆ ಹೋಗಿಸಿ, ಹೊಸ ಸೊಪ್ಪು ಹಾಕಿದ್ದರು. ಹುಳು ಇನ್ನೂ ತಲೆ ಎತ್ತಿಕೊಂಡೇ ಇತ್ತು. ಗೋಪಾಲ ಬಾನಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದ.

"ಸೊಪ್ಪು ತಗ್ದು ಎಳೇದು ಹಾಕು," ಎಂದಳು ಮುನಿಯಮ್ಮ ಒಳಗೆ. "ಹೆದರ್ದ ಹುಳಕ್ಕೆ ಬಲ್ತ ಸೊಪ್ಪು ಸೇರಲ್ಲ. ತುದಿ ಎಲೆ ಸಣ್ಣಗೆ ಹೆಚ್ಚಾಕು."

"ಇಷ್ಟು ದೊಡ್ಡ ಹುಳಕ್ಕಾ ಅತ್ತೆ?"

"ಹಾಕಿ ನೋಡೆ."

ಹೆಚ್ಚುವ ಸದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಾನು ಪರದೆಗೆ ಕಿವಿ ಕೊಟ್ಟೇ ಇದ್ದೆ. ನನ್ನ ಕಿವಿ ಬಾಟಲಿಯ ಸದ್ದಿಗೆ ಪಳಗಿದ್ದು, ಸದ್ದಿಲ್ಲದಿದ್ದರೆ ಒಳ್ಳೆಯದು ಎಂದುಕೊಳ್ಳುವ ಕಿವಿ. ಆ ದಿನ ಮಾತ್ರ ಸದ್ದು ಬರಲಿ ಎಂದು ಕಾಯುತ್ತಿದ್ದೆ. ಕೊನೆಗೆ ಬಂತು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಕೋಣೆಯೆಲ್ಲ, ಒಣಗಿದ ಎಲೆಗಳ ಮೇಲೆ ಯಾರೋ ಮರಳು ಉದುರಿಸಿದಂತೆ.

"ತಿಂತಾವೆ," ಎಂದಳು ಮುನಿಯಮ್ಮ. ಶೋಭಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳೆಂದು ಆಮೇಲೆ ತಿಳಿಯಿತು.

ಮುನಿಯಮ್ಮ ಹೊರಗೆ ಬಂದು ಟವಲ್ ಬಿಚ್ಚಿ, ಕ್ಯಾನನ್ನೂ ನೀರಿನಲ್ಲಿ ಏಳುತ್ತಿದ್ದ ಗುಳ್ಳೆಯನ್ನೂ ನೋಡುತ್ತಾ ನಿಂತಳು. "ಇದ್ನ ಈಗ ಎಲ್ಲಿ ಇಡ್ತೀಯಲಾ?"

ಗೋಪಾಲ ಕ್ಯಾನಿನ ಹಿಡಿಗೆ ಕೈ ಹಾಕಿ ಹಿತ್ತಲ ಕಡೆ ನೋಡಿದ.

"ನನ್ನ ಮಂಚದ ಕೆಳಗೆ ಇಡು. ಅಲ್ಲಿ ತಣ್ಣಗೈತೆ. ಹುಳದ ಹತ್ರ ಇನ್ನೊಂದ್ ಸಲ ತಗಂಡೋದ್ರೆ ನಿನ್ನ ಕಾಲು ಮುರೀತೀನಿ."

ಆ ಬೆಳೆಗೆ ಗೂಡು ಚೆನ್ನಾಗಿಯೇ ಬಂತು. ಕೊಟ್ಟಿಗೆಯ ಮಾತು ನಿಂತುಹೋಯಿತು. ದಿನವೂ ಬೆಳಿಗ್ಗೆ ತಣ್ಣೀರು ಹುಯ್ದುಕೊಂಡು, ಸೊಸೆಗೆ ಕೈ ಮೂಸಿಸಿ, ಮುನಿಯಮ್ಮ ಒಳಗೆ ಹೋಗುತ್ತಿದ್ದಳಂತೆ. ಕೊನೆಯ ಹುಳು ಗೂಡಿನೊಳಗೆ ಮರೆಯಾಗುವವರೆಗೂ ಅವಳು ತನ್ನ ಸಂಚಿಯನ್ನು ಕೇಳಿ ಕಳಿಸಲಿಲ್ಲ. ನಾನಾಗಿ ಕೊಡಲೂ ಹೋಗಲಿಲ್ಲ. ಅದರಲ್ಲಿದ್ದ ಹೊಗೆಸೊಪ್ಪು ನನ್ನದಕ್ಕಿಂತ ಚೆನ್ನಾಗಿತ್ತು.